ಕುಡಿತ ಬಿಡಿಸುವ ಕೇಂದ್ರಕ್ಕೆ ಹೊರಟ ಮನೆಯವರಿಗೆ

ಭೇಟಿಯ ದಿನ ವ್ಯಸನಮುಕ್ತಿ ಕೇಂದ್ರದ ಬಾಗಿಲಲ್ಲಿ ಮೊದಲ ಜಟಾಪಟಿ ನಡೆಯುವುದು ಚೀಲದ ವಿಷಯಕ್ಕೆ. ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ತಾಯಿ ಮೇಜಿನ ಮೇಲೆ ಒಂದೊಂದೇ ತೆಗೆದಿಡುತ್ತಾರೆ. ಚಕ್ಕುಲಿ, ಕೋಡುಬಳೆ, ಡಬ್ಬಿ ತುಂಬ ರವೆ ಉಂಡೆ, ಎರಡು ಜೊತೆ ಬಟ್ಟೆ, ಕೊಬ್ಬರಿ ಎಣ್ಣೆ, ಕೊನೆಗೆ ‘ಸೊರಗಿ ಹೋಗಿದಾನೆ, ಸ್ವಲ್ಪ ಶಕ್ತಿ ಬರ್ಲಿ’ ಎಂದು ಒಂದು ಬಾಟಲಿ ದ್ರಾಕ್ಷಾರಿಷ್ಟ. ತಿಂಡಿ ಒಳಗೆ ಹೋಗುತ್ತದೆ, ಬಾಟಲಿ ಪಕ್ಕಕ್ಕೆ ಸರಿಯುತ್ತದೆ. ‘ಔಷಧಿ ಕಣಪ್ಪಾ ಇದು, ಬ್ರಾಂದಿ ಅಲ್ಲ’ ಎಂದು ತಾಯಿಗೆ ಸಿಟ್ಟು.

ಸಿಬ್ಬಂದಿ ಹೇಳುವುದರಲ್ಲಿ ಹುರುಳಿದೆ. ಅರಿಷ್ಟ, ಆಸವಗಳು ಹುದುಗು ಬರಿಸಿ ಮಾಡುವ ಔಷಧಗಳು. ಅವುಗಳಲ್ಲಿ ತಾನಾಗಿಯೇ ಹುಟ್ಟಿದ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 5ರಿಂದ 10ರಷ್ಟು ಇರುತ್ತದೆ, ಅಂದರೆ ಬಿಯರಿನ ಆಸುಪಾಸು. ಹ್ಯಾಂಡ್ ಸ್ಯಾನಿಟೈಸರ್, ಡಿಯೋಡರೆಂಟ್, ಆಫ್ಟರ್‌ಶೇವ್, ಕೆಲವು ಕೆಮ್ಮಿನ ಸಿರಪ್ಪು, ಬಾಯಿ ಮುಕ್ಕಳಿಸುವ ದ್ರವ ಇವಕ್ಕೂ ಇದೇ ಕಾರಣಕ್ಕೆ ಪ್ರವೇಶವಿಲ್ಲ. ಮೂಸುವ ಚಟದ ಹುಡುಗರಿರುವ ಕಡೆ ವೈಟ್‌ನರ್, ಥಿನ್ನರ್ ಕೂಡ ನಿಷಿದ್ಧ. ನಿದ್ದೆ ಮಾತ್ರೆಯದು ಇನ್ನೂ ಗಂಭೀರ ಸಂಗತಿ. ಕುಡಿತ ನಿಲ್ಲಿಸಿದಾಗಿನ ನಡುಕ, ಫಿಟ್ಸ್ ತಡೆಯಲು ವೈದ್ಯರು ಕೊಡುವ ಡಯಾಜೆಪಾಮ್, ಲೊರಾಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್ ಎಲ್ಲವೂ ಅದೇ ಜಾತಿಗೆ ಸೇರಿದವು. ‘ನಿದ್ದೆ ಬರ್ತಿಲ್ವಂತೆ ಪಾಪ’ ಎಂದು ಮನೆಯಲ್ಲಿದ್ದ ಸ್ಟ್ರಿಪ್ಪನ್ನು ಜೇಬಿಗೆ ತುರುಕಿದರೆ ಒಳಗೆ ಎರಡು ಪಟ್ಟು ಮದ್ದಾಗಿ ಉಸಿರಾಟವೇ ಕುಗ್ಗಬಹುದು. ಇನ್ನು ಗುಟ್ಕಾ. ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾದ ಸರಕು ಯಾವ ರೂಪದಲ್ಲಿ ಗೂಡಂಗಡಿಯಲ್ಲಿ ನೇತಾಡುತ್ತಿದೆ ಎಂದು ಯಾರಿಗೂ ಹೇಳಬೇಕಿಲ್ಲ. ‘ಅದೊಂದಾದರೂ ತಂದ್ಕೊಡು’ ಎಂಬ ಗೋಗರೆತ ಬಹುತೇಕ ಪ್ರತಿ ಭೇಟಿಯಲ್ಲೂ ಬರುತ್ತದೆ. ಕೇಂದ್ರದ ನಿಯಮ ಏನೆಂದು ಮೊದಲೇ ಕೇಳಿಕೊಂಡು ಹೋದರೆ ಇಲ್ಲ ಎನ್ನುವುದು ಸುಲಭ.

ನಿಜವಾಗಿ ಬೇಕಾದ ವಸ್ತುಗಳನ್ನು ಮನೆಯವರು ಮರೆತೇ ಬರುತ್ತಾರೆ. ಓದುವ ಕನ್ನಡಕ, ಹಳೆಯ ಆಸ್ಪತ್ರೆ ಚೀಟಿಗಳು, ಸಕ್ಕರೆ ಕಾಯಿಲೆ ಅಥವಾ ಬಿಪಿಗೆ ಮೊದಲಿಂದ ನುಂಗುತ್ತಿದ್ದ ಮಾತ್ರೆಯ ಹೆಸರು, ಹಿಂದೆ ಎಂದಾದರೂ ಫಿಟ್ಸ್ ಬಂದಿತ್ತೇ ಎಂಬ ಮಾಹಿತಿ. ಕೊನೆಯದನ್ನು ವೈದ್ಯರು ದಾಖಲಾತಿಯ ದಿನವೇ ಕೇಳಿರುತ್ತಾರೆ. ಆ ಗಡಿಬಿಡಿಯಲ್ಲಿ ‘ಇಲ್ಲ’ ಎಂದವರಿಗೆ ಬಸ್ಸಿನಲ್ಲಿ ಕೂತಾಗ ನೆನಪಾಗುವುದುಂಟು. ನೆನಪಾದ ಗಳಿಗೆಯಲ್ಲೇ ಫೋನು ಮಾಡಿ ತಿಳಿಸಬೇಕು, ಭಾನುವಾರದ ತನಕ ಕಾಯುವಂಥದ್ದಲ್ಲ.

ಸೇರಿಸಿದ ಮರುದಿನವೇ ನೋಡಬೇಕು ಎನ್ನಿಸುವುದು ಸಹಜ. ಹಲವು ಕೇಂದ್ರಗಳು ಮೊದಲ ಕೆಲವು ದಿನ ಬೇಡ ಎನ್ನುತ್ತವೆ, ಫೋನನ್ನೂ ತೆಗೆದಿಡುತ್ತವೆ. ಮದ್ಯದ ಚಟದಲ್ಲಿ ಕೊನೆಯ ಗುಟುಕಿನ ನಂತರ ಆರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಕೈನಡುಕ, ಬೆವರು, ಹೊಟ್ಟೆ ತೊಳಸುವುದು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದಲ್ಲಿ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ‘ಡೆಲಿರಿಯಮ್ ಟ್ರೆಮೆನ್ಸ್’ ಎಂಬ ಸ್ಥಿತಿ ಬರುತ್ತದೆ: ಗೋಡೆಯ ಮೇಲೆ ಇಲ್ಲದ ಹುಳು ಕಾಣುತ್ತದೆ, ಹೆಂಡತಿಯ ಗುರುತು ಹತ್ತುವುದಿಲ್ಲ, ಆಸ್ಪತ್ರೆಯನ್ನು ಅಂಗಡಿಯೆಂದುಕೊಂಡು ಸಾಮಾನು ಹುಡುಕುತ್ತಾರೆ. ಆ ಹೊತ್ತಿನಲ್ಲಿ ಎದುರು ನಿಂತ ಮನೆಯವರಿಗೆ ‘ಇವರೇನೋ ಮಾಡಿಬಿಟ್ಟಿದ್ದಾರೆ, ಹುಚ್ಚು ಹಿಡಿಸಿದ್ದಾರೆ’ ಎನಿಸುತ್ತದೆ. ಕರೆದುಕೊಂಡು ಹೋಗುತ್ತೇವೆ ಎಂಬ ರಂಪ ಬಹಳಷ್ಟು ಸಲ ನಡೆಯುವುದು ಈ ಹಂತದಲ್ಲೇ. ಅದೇ ಅತ್ಯಂತ ಅಪಾಯದ ಹೊತ್ತೂ ಹೌದು. ಸರಿಯಾದ ಆರೈಕೆ ಇಲ್ಲದಿದ್ದರೆ ಪ್ರಾಣಕ್ಕೇ ಕುತ್ತು.

ಹಾಗೆಂದು ಮನೆಯವರನ್ನು ದೂರವಿಡುವುದೇ ಎಲ್ಲ ಕಡೆಯ ಪದ್ಧತಿ ಎಂದುಕೊಳ್ಳಬೇಕಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಬಂಧುಗಳನ್ನು ಅಲ್ಲೇ ಉಳಿಸಿಕೊಂಡರು. ಮನೆಯವರು ಹತ್ತಿರವಿದ್ದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂಬ ತಿಳಿವಳಿಕೆ ಈ ದೇಶದ ಮನೋವೈದ್ಯಕೀಯದಲ್ಲಿ ಬೇರು ಬಿಟ್ಟದ್ದರಲ್ಲಿ ಆ ಡೇರೆಗಳ ಪಾಲು ದೊಡ್ಡದು. ಬೆಂಗಳೂರಿನ ನಿಮ್ಹಾನ್ಸ್‌ನ ತೆರೆದ ವಾರ್ಡುಗಳಲ್ಲಿ ಇಂದಿಗೂ ಮನೆಯವರೊಬ್ಬರು ಜೊತೆಗಿರುವುದು ರೂಢಿ. ಅಲ್ಲಿ ‘ಭೇಟಿ’ ಎಂಬ ಮಾತೇ ಅಷ್ಟಾಗಿ ಏಳುವುದಿಲ್ಲ, ಯಾರು ಉಳಿಯುತ್ತಾರೆ ಎಂಬುದಷ್ಟೇ ಪ್ರಶ್ನೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳದ್ದು ಮತ್ತೊಂದು ಬಗೆ. ಸಭಾಭವನದಲ್ಲಿ ಒಟ್ಟಿಗೆ ವಾಸ, ನಡುವೆ ಮನೆಯವರಿಗೂ ಕರೆ, ಮುಗಿದ ಮೇಲೆ ಊರಿನಲ್ಲೇ ಕುಡಿತ ಬಿಟ್ಟವರ ನವಜೀವನ ಸಮಿತಿ. ಖಾಸಗಿ ರಿಹ್ಯಾಬ್‌ಗಳಲ್ಲಿ ಒಂದರಿಂದ ಮೂರು ತಿಂಗಳ ವಾಸ, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಭೇಟಿ ಎಂಬ ಏರ್ಪಾಟು ಹೆಚ್ಚು. ಆದ್ದರಿಂದ ಭೇಟಿಯ ದಿನ, ಅವಧಿ, ಎಷ್ಟು ಜನ, ಫೋನಿನಲ್ಲಿ ಮಾತಾಡಬಹುದೇ ಎಂಬುದನ್ನೆಲ್ಲ ದಾಖಲಿಸುವ ದಿನವೇ ಬರೆಸಿಕೊಳ್ಳುವುದು ಕ್ಷೇಮ.

ಎಷ್ಟು ಜನ ಎಂಬುದಕ್ಕೆ ಉತ್ತರ ಇಬ್ಬರು. ಸುಮೋ ತುಂಬ ನೆಂಟರನ್ನು ಇಳಿಸಿದರೆ ಅದು ಪಂಚಾಯಿತಿ ಕಟ್ಟೆಯಾಗುತ್ತದೆ. ಬಿಲ್ಲು ಕಟ್ಟುತ್ತಿರುವ ಭಾವಮೈದುನ ತಾನೆಷ್ಟು ಖರ್ಚು ಮಾಡಿದೆ ಎಂದು ಹೇಳಲು ಬಂದಿರುತ್ತಾನೆ, ಚಿಕ್ಕಪ್ಪನಿಗೆ ಬುದ್ಧಿವಾದ ಹೇಳುವ ಉಮೇದು. ‘ಫ್ರೆಂಡು’ ಎಂದು ಬರುವವನು ಯಾವ ಬಾರಿನ ಫ್ರೆಂಡು ಎಂಬುದನ್ನು ಮನೆಯವರೇ ಸಿಬ್ಬಂದಿಗೆ ಮೊದಲು ತಿಳಿಸಿದರೆ ಒಳ್ಳೆಯದು.

ಒಳಗೆ ಏನು ಮಾತಾಡಬೇಕು ಎಂಬಲ್ಲಿಗೆ ಬಂದರೆ ಒಂದು ಸಂಶೋಧನೆಯನ್ನು ನೆನೆಯಬೇಕು. ‘ವ್ಯಕ್ತ ಭಾವನೆ’ ಎಂಬ ಅಳತೆಗೋಲನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಮೊದಲು ಸ್ಕಿಜೋಫ್ರೇನಿಯಾ ರೋಗಿಗಳ ಮನೆಗಳಿಗಾಗಿ ರೂಪಿಸಿದ್ದರು. ರೋಗಿಯ ಬಗ್ಗೆ ಮನೆಯವರು ಆಡುವ ಮಾತಿನಲ್ಲಿ ಟೀಕೆ, ಹಗೆ, ಅತಿಯಾದ ಹಚ್ಚಿಕೊಳ್ಳುವಿಕೆ ಎಷ್ಟಿದೆ ಎಂದು ಅದು ಅಳೆಯುತ್ತದೆ. ಅಮೆರಿಕದ ತಿಮೊತಿ ಒಫ್ಯಾರೆಲ್ ತಂಡ ಅದನ್ನು ಮದ್ಯವ್ಯಸನಿಗಳ ಸಂಗಾತಿಗಳಿಗೆ ಅನ್ವಯಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಿನಲ್ಲಿ ಟೀಕೆ ಹೆಚ್ಚಿದ್ದ ಮನೆಗಳ ರೋಗಿಗಳು ಹೆಚ್ಚು ಸಂಖ್ಯೆಯಲ್ಲಿ, ಬೇಗನೆ ಮತ್ತೆ ಕುಡಿತಕ್ಕೆ ಬಿದ್ದದ್ದು ಕಂಡುಬಂತು. ಇದನ್ನು ‘ಹೆಂಡತಿ ಬೈದದ್ದಕ್ಕೇ ಕುಡಿದ’ ಎಂದು ಓದುವವರಿಗೆ ಕಡಿಮೆಯಿಲ್ಲ. ಆ ಅರ್ಥ ಅದರಲ್ಲಿಲ್ಲ. ಹತ್ತು ವರ್ಷ ಸಂಬಳ ಕಾಣದವಳ ಬಾಯಲ್ಲಿ ಟೀಕೆ ಬಾರದೆ ಹೊಗಳಿಕೆ ಬರುತ್ತದೆಯೇ? ಅವಳ ಸಿಟ್ಟಿಗೂ ಜಾಗ ಬೇಕು. ಆ ಜಾಗ ಆಪ್ತಸಮಾಲೋಚಕರ ಕೋಣೆ, ಅರ್ಧ ಗಂಟೆಯ ಭೇಟಿಯ ಕುರ್ಚಿಯಲ್ಲ.

ಕುರ್ಚಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತಿನ ಧಾಟಿ ಹೀಗಿರುತ್ತದೆ:

‘ನೋಡು, ಇಲ್ಲಿರೋರೆಲ್ಲ ಇಂಜೆಕ್ಷನ್ ಚುಚ್ಕೊಳ್ಳೋರು, ಗಾಂಜಾ ಗಿರಾಕಿಗಳು. ನಾನು ಅಂಥವ್ನಾ? ಊಟ ಬಾಯಿಗಿಡಕ್ಕಾಗಲ್ಲ. ಇವತ್ತೇ ಕರ್ಕೊಂಡು ಹೋಗು. ಮಕ್ಕಳಾಣೆ, ಇನ್ನು ಮುಟ್ಟಲ್ಲ.’

ಇದಕ್ಕೆ ‘ಇದೇ ಆಣೆ ಹೋದ ಯುಗಾದಿಗೂ ಹಾಕಿದ್ರಿ’ ಎಂಬ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ನಿಜವೂ ಹೌದು. ಆದರೆ ಅದನ್ನು ಆಡಿದ ಮೇಲೆ ಉಳಿದ ಹೊತ್ತೆಲ್ಲ ಹಳೆಯ ಲೆಕ್ಕಕ್ಕೇ ಹೋಗುತ್ತದೆ. ‘ನಿಮಗೆ ಕಷ್ಟ ಆಗ್ತಿದೆ ಅಂತ ಕಾಣ್ತಿದೆ ರೀ. ಮನೆಗೆ ಬರೋ ವಿಷಯ ಡಾಕ್ಟ್ರ ಎದುರಿಗೇ ಕೂತು ಮಾತಾಡೋಣ. ಮುಂದಿನ ಭಾನುವಾರ ಬರ್ತೀನಿ’ ಎಂದರೆ ಮೂರು ಕೆಲಸವಾಗುತ್ತದೆ. ಕಷ್ಟವನ್ನು ಒಪ್ಪಿಕೊಂಡಂತಾಯಿತು, ತೀರ್ಮಾನ ಸರಿಯಾದ ಜಾಗಕ್ಕೆ ಹೋಯಿತು, ಮತ್ತೆ ಬರುವ ದಿನ ಗೊತ್ತಾಯಿತು. ಬರುತ್ತೇನೆ ಎಂದ ಮೇಲೆ ಬರಲೇಬೇಕು. ಬಸ್ಸಿನ ಖರ್ಚು, ಕೂಲಿ ತಪ್ಪುವ ದಿನ ಎಲ್ಲ ಲೆಕ್ಕ ಹಾಕಿ ಎರಡು ವಾರಕ್ಕೊಮ್ಮೆ ಎನ್ನುವುದಾದರೂ ಸರಿ, ಹೇಳಿದ್ದು ನಡೆಯಬೇಕು. ಆಣೆ ಹಾಕಿಸಿಕೊಳ್ಳುವುದೂ ನಮ್ಮ ಮನೆಗಳಲ್ಲಿ ಒಂದು ಚಟವೇ. ಅದನ್ನು ಈ ಸುತ್ತಿನಲ್ಲಿ ಕೈಬಿಟ್ಟು ನೋಡಬಹುದು.

ಸಾಲಗಾರರು ಮನೆ ಬಾಗಿಲಿಗೆ ಬಂದದ್ದು, ಬೈಕ್ ಫೈನಾನ್ಸಿನವರು ಎಳೆದುಕೊಂಡು ಹೋದದ್ದು, ಅತ್ತೆಗೆ ಹುಷಾರಿಲ್ಲದ್ದು ಇವನ್ನೆಲ್ಲ ಮುಚ್ಚಿಡಬೇಕೇ? ಸುಳ್ಳು ಬೇಡ, ಆದರೆ ಕ್ರಮ ಬೇಕು. ದೊಡ್ಡ ಸುದ್ದಿಯನ್ನು, ಅದರಲ್ಲೂ ಸಾವಿನ ಸುದ್ದಿಯನ್ನು, ಸಮಾಲೋಚಕರಿಗೆ ಮೊದಲು ಹೇಳಿ ಅವರ ಎದುರಿನಲ್ಲೇ ತಿಳಿಸಿದರೆ ಅನಂತರದ ರಾತ್ರಿಯನ್ನು ನೋಡಿಕೊಳ್ಳಲು ಒಳಗೆ ಜನರಿರುತ್ತಾರೆ. ಮದುವೆ, ಜಾತ್ರೆ, ಗೃಹಪ್ರವೇಶದ ನೆಪದಲ್ಲಿ ‘ಮೂರು ದಿನ ಕಳಿಸಿಕೊಡಿ, ಬಂಧುಗಳು ಕೇಳ್ತಾರೆ’ ಎಂದು ಮನೆಯವರೇ ಒತ್ತಾಯಿಸುವುದುಂಟು. ಬೀಗರೂಟದ ಹಿಂದಿನ ರಾತ್ರಿ ಅಡುಗೆ ಪೆಂಡಾಲಿನ ಹಿಂದೆ ಏನು ನಡೆಯುತ್ತದೆ ಎಂದು ತಿಳಿದವರೂ ಹೀಗೆ ಕೇಳುತ್ತಾರೆ. ಬಂಧುಗಳಿಗೆ ‘ಆಸ್ಪತ್ರೆಯಲ್ಲಿದ್ದಾರೆ’ ಎಂದರೆ ಸಾಕು, ಅದು ಸತ್ಯವೂ ಹೌದು.

ಇಷ್ಟು ಕಷ್ಟಪಟ್ಟು ಒಳಗೆ ಸೇರಲು ಸಿಕ್ಕ ಅವಕಾಶ ಎಷ್ಟು ವಿರಳ ಎಂಬುದಕ್ಕೆ 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆ ಸಾಕ್ಷಿ. ದೆಹಲಿಯ ಏಮ್ಸ್ ನಡೆಸಿದ ಆ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಕಂಡವರು 38ರಲ್ಲಿ ಒಬ್ಬರು, ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಮಕ್ಕಳನ್ನು ಕರೆದೊಯ್ಯುವ ಬಗ್ಗೆ ಕೇಂದ್ರಗಳಲ್ಲಿ ಒಂದೇ ನಿಯಮವಿಲ್ಲ. ಮೊದಲ ಭೇಟಿಗೆ ಬೇಡ ಎಂಬುದು ಸರಳ ವಿವೇಕ. ಕೈನಡುಕ ನಿಂತು, ಮುಖದಲ್ಲಿ ಕಳೆ ಬಂದ ಮೇಲೆ, ಮಗುವಿಗೆ ಮನಸ್ಸಿದ್ದರೆ ಹೋಗಲಿ. ‘ಅಪ್ಪ ದುಬೈಗೆ ಹೋಗಿದ್ದಾರೆ’ ಎಂದು ಹೇಳಿಟ್ಟ ಮನೆಯಲ್ಲಿ ಎಂಟು ವರ್ಷದ ಹುಡುಗಿಗೆ ನಿಜ ಗೊತ್ತೇ ಇರುತ್ತದೆ, ರಾತ್ರಿಯ ಗಲಾಟೆ ಅವಳೂ ಕೇಳಿದ್ದಾಳೆ. ‘ಅಪ್ಪನಿಗೆ ಕುಡಿಯೋ ಕಾಯಿಲೆ. ವಾಸಿ ಮಾಡೋರು ಅಲ್ಲಿದ್ದಾರೆ. ನಿನ್ನಿಂದ ಬಂದದ್ದಲ್ಲ’ ಎಂಬಷ್ಟು ಅವಳಿಗೆ ಅರ್ಥವಾಗುತ್ತದೆ. ಕೊನೆಯ ವಾಕ್ಯವನ್ನು ಬಿಡಬಾರದು. ಚೆನ್ನಾಗಿ ಓದದ್ದಕ್ಕೆ ಅಪ್ಪ ಕುಡಿದ ಎಂದು ನಂಬಿಕೊಂಡ ಮಕ್ಕಳಿರುತ್ತಾರೆ. ಬರೆದ ಚಿತ್ರ, ಶಾಲೆಯ ಫೋಟೊ ಕಳಿಸಬಹುದು. ‘ಬೇಗ ಬಾ ಅಪ್ಪಾ ಅಂತ ಬರಿ’ ಎಂದು ಹೇಳಿಕೊಟ್ಟು ಬರೆಸಿದ ಕಾಗದ ಮಾತ್ರ ಬೇಡ. ಅದನ್ನೇ ಹಿಡಿದು ಅಪ್ಪ ಮರುದಿನ ಡಿಸ್ಚಾರ್ಜ್ ಕೇಳುತ್ತಾನೆ.

ಹೊಡೆತ ತಿಂದು ಬದುಕಿದ ಹೆಂಡತಿ ಭೇಟಿಗೆ ಹೋಗಲೇಬೇಕೆಂದಿಲ್ಲ. ಕೇಂದ್ರಕ್ಕೆ ಇದನ್ನು ತಿಳಿಸಿ, ಅಣ್ಣನೋ ಮಾವನೋ ಹೋಗುವಂತೆ ಏರ್ಪಡಿಸಬಹುದು. ಮನೆಗೆ ಮರಳಿದ ಮೇಲೆ ಭಯವಿದ್ದರೆ 181 ಮಹಿಳಾ ಸಹಾಯವಾಣಿಯೂ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ಇವೆ. ಚಿಕಿತ್ಸೆ ನಡೆಯುತ್ತಿದೆ ಎಂಬ ಕಾರಣಕ್ಕೆ ಅವು ಕಾಯಬೇಕಾಗಿಲ್ಲ.

ಕಾನೂನಿನ ಮಾತನ್ನು ಮನೆಯವರು ಎರಡು ಕಾರಣಕ್ಕೆ ತಿಳಿದಿರಬೇಕು: ತಮ್ಮ ಕೈಯಲ್ಲಿ ಏನಿಲ್ಲ ಎಂದು ಅರಿಯಲು, ಕೇಂದ್ರದ ಕೈಯಲ್ಲೂ ಏನಿಲ್ಲ ಎಂದು ಅರಿಯಲು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯೊಳಗೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಬರುತ್ತವೆ. ತಾನಾಗಿ ದಾಖಲಾದ ವಯಸ್ಕ ಬಿಡುಗಡೆ ಕೇಳಿದರೆ ಕಳಿಸಬೇಕು. ಕಾಯ್ದೆ ಹೇಳಿದ ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ ವೈದ್ಯರು ಮರುಪರೀಕ್ಷೆಗಾಗಿ 24 ಗಂಟೆ ತಡೆಯಬಹುದು. ರೋಗಿಗೆ ತಾನೇ ತೀರ್ಮಾನಿಸುವ ಸ್ಥಿತಿ ಇಲ್ಲದಾಗ, ಅವನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ ನಡೆಯುವ ದಾಖಲಾತಿಗೆ ಮೊದಲಿಗೆ 30 ದಿನದ ಮಿತಿ ಇದೆ. ಆದ್ದರಿಂದ ‘ನಾನು ಸಹಿ ಹಾಕಿದ್ದೀನಿ, ಆರು ತಿಂಗಳು ಒಳಗೇ ಇರಲಿ’ ಎಂಬ ಅಪ್ಪನ ಮಾತಿಗೆ ಕಾನೂನಿನ ಬಲವಿಲ್ಲ.

ಅದೇ ಕಾಯ್ದೆಯ 26ನೇ ಸೆಕ್ಷನ್ ರೋಗಿಗೆ ಸಂದರ್ಶಕರನ್ನು ಕಾಣುವ, ಬೇಡವೆನ್ನುವ, ಸೂಕ್ತ ಹೊತ್ತಿನಲ್ಲಿ ಫೋನಿನಲ್ಲಿ ಮಾತಾಡುವ ಹಕ್ಕನ್ನು ಸಂಸ್ಥೆಯ ನಿಯಮಗಳಿಗೆ ಒಳಪಟ್ಟು ಕೊಡುತ್ತದೆ. ಬೇಡವೆನ್ನುವ ಹಕ್ಕೂ ಅದರಲ್ಲಿದೆ ಎಂಬುದನ್ನು ಗಮನಿಸಬೇಕು. ಕೆಲವೊಮ್ಮೆ ಮಗ ‘ಅಪ್ಪ ಬರೋದು ಬೇಡ’ ಎಂದರೆ ಅದು ಸಿಬ್ಬಂದಿಯ ಪಿತೂರಿಯಲ್ಲ. ಆದರೆ ವಾರಗಟ್ಟಲೆ ಮುಖ ತೋರಿಸದೆ, ಫೋನೂ ಕೊಡದೆ, ‘ಚೆನ್ನಾಗಿದ್ದಾರೆ, ದುಡ್ಡು ಹಾಕಿ’ ಎಂದಷ್ಟೇ ಹೇಳುವ ಕೇಂದ್ರದ ಬಗ್ಗೆ ಎಚ್ಚರ ಬೇಕು. ಸರಪಳಿಯಲ್ಲಿ ಕಟ್ಟುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು, ಬಲವಂತವಾಗಿ ತಲೆ ಬೋಳಿಸುವುದು ಎಲ್ಲವೂ ನಿಷಿದ್ಧ. ಬೇರೆ ದಾರಿಯಿಲ್ಲದೆ ದೈಹಿಕವಾಗಿ ತಡೆದು ಹಿಡಿದಿದ್ದರೆ ಆ ಪ್ರತಿಯೊಂದು ಸಂಗತಿಯನ್ನೂ 24 ಗಂಟೆಯೊಳಗೆ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು. ಭೇಟಿಗೆ ಹೋದವರು ಮಣಿಕಟ್ಟು ನೋಡಬೇಕು, ಬೆನ್ನು ತಡವಬೇಕು, ಊಟದ ಹೊತ್ತಿಗೆ ಬಂದಿದ್ದರೆ ತಟ್ಟೆಯತ್ತ ಕಣ್ಣು ಹಾಯಿಸಬೇಕು. ಸಿಬ್ಬಂದಿ ಪಕ್ಕದಲ್ಲೇ ನಿಂತು ಪ್ರತಿ ಮಾತಿಗೂ ಕಿವಿಗೊಟ್ಟರೆ ಐದು ನಿಮಿಷ ಬಿಟ್ಟುಕೊಡಿ ಎಂದು ಕೇಳಬಹುದು. ‘ಹೊಡೀತಾರೆ’ ಎಂಬ ದೂರು ಮನೆಗೆ ಬರುವ ಉಪಾಯವೂ ಇರಬಹುದು, ನಿಜವೂ ಇರಬಹುದು. ಗಾಯವನ್ನು ಕಣ್ಣಾರೆ ಕಾಣುವವರು ಮನೆಯವರೇ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ದೂರಿಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ ಇದೆ, ಪೆಟ್ಟಿನ ಗುರುತಿದ್ದರೆ ಪೊಲೀಸ್ ಠಾಣೆ.

ಹೊರದೇಶದಲ್ಲಿ ಮಕ್ಕಳಿರುವವರಿಗೆ ಬೇರೊಂದು ಗೋಡೆ ಎದುರಾಗುತ್ತದೆ. ಅಮೆರಿಕದ ಫೆಡರಲ್ ನಿಯಮದ ಪ್ರಕಾರ ವ್ಯಸನ ಚಿಕಿತ್ಸೆಯ ಮಾಹಿತಿಗೆ ಹೆಚ್ಚಿನ ಗೋಪ್ಯತೆ ಇದೆ. ದಾವಣಗೆರೆಯಿಂದ ಅಪ್ಪ ಫೋನು ಮಾಡಿ ‘ನನ್ನ ಮಗ ಅಲ್ಲಿದ್ದಾನಾ’ ಎಂದರೆ, ಮಗ ಲಿಖಿತ ಒಪ್ಪಿಗೆ ಕೊಟ್ಟಿರದಿದ್ದರೆ, ಇದ್ದಾನೆ ಎಂದಾಗಲಿ ಇಲ್ಲ ಎಂದಾಗಲಿ ಸಿಬ್ಬಂದಿ ಹೇಳುವುದಿಲ್ಲ. ದಾಖಲಾಗುವ ಮುನ್ನವೇ ಆ ಒಪ್ಪಿಗೆಯ ಪತ್ರದಲ್ಲಿ ಹೆಸರು ಹಾಕಿಸಿಕೊಳ್ಳುವುದು ಒಳ್ಳೆಯದು.

ಭೇಟಿಗೆ ಹೋದ ದಿನ ಸಮಾಲೋಚಕರ ಜೊತೆಗೂ ಒಂದು ಮಾತು ನಡೆಯುವಂತೆ ಮೊದಲೇ ಹೊತ್ತು ಕೇಳಿಟ್ಟುಕೊಂಡರೆ ಬಂದ ಶ್ರಮ ಸಾರ್ಥಕ. ಚೆನ್ನೈನಲ್ಲಿ ಶಾಂತಿ ರಂಗನಾಥನ್ ಅವರು ಪತಿಯನ್ನು ಕುಡಿತದಿಂದ ಕಳೆದುಕೊಂಡು 1980ರಲ್ಲಿ ಆರಂಭಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನದ ಆಸ್ಪತ್ರೆಯಲ್ಲಿ ಮನೆಯವರಿಗೆಂದೇ ಪ್ರತ್ಯೇಕ ಕಾರ್ಯಕ್ರಮವಿದೆ. ಮನೆಯವರ ಮಾತಿನ ರೀತಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನ್ಯೂ ಮೆಕ್ಸಿಕೋದಲ್ಲಿ 130 ಮಂದಿ ಬಂಧುಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗವನ್ನು ತಜ್ಞರು ಇಂದಿಗೂ ಉದಾಹರಿಸುತ್ತಾರೆ. ಚಿಕಿತ್ಸೆ ಬೇಡವೆಂದು ಹಟ ಹಿಡಿದ ಕುಡುಕರ ಮನೆಯವರನ್ನು ಮೂರು ಗುಂಪು ಮಾಡಲಾಗಿತ್ತು. ಎಲ್ಲರೂ ಸೇರಿ ಎದುರು ಕೂರಿಸಿ ತಪ್ಪು ತೋರಿಸುವ ವಿಧಾನದಲ್ಲಿ ಶೇ 30 ಮಂದಿ ಚಿಕಿತ್ಸೆಗೆ ಬಂದರು. ಕುಡಿಯದ ದಿನ ಪ್ರೀತಿಯಿಂದ ನಡೆದುಕೊಂಡು, ಕುಡಿದ ದಿನ ಜಗಳವಾಡದೆ ದೂರ ಸರಿಯುವುದನ್ನು ಕಲಿಸುವ ‘ಕ್ರಾಫ್ಟ್’ ವಿಧಾನದಲ್ಲಿ ಶೇ 64. ಬಂಧುಗಳ ಸಂಘವಾದ ಅಲ್-ಅನಾನ್ ಮಾದರಿಯ ಗುಂಪಿನಲ್ಲಿ ಶೇ 13. ಕೊನೆಯ ಅಂಕಿ ನೋಡಿ ಅಲ್-ಅನಾನ್ ದಂಡ ಎನ್ನುವುದು ಅವಸರದ ಮಾತು. 1951ರಲ್ಲಿ ಹುಟ್ಟಿದ ಆ ಸಂಘ ಹೊರಟಿರುವುದು ಕುಡಿಯುವವರನ್ನು ತಿದ್ದಲಿಕ್ಕಲ್ಲ, ಅವರ ಜೊತೆ ಬದುಕುವವರ ನೆಮ್ಮದಿಗೆ.

ಸಮಾಲೋಚಕರ ಬಳಿ ಎತ್ತಲೇಬೇಕಾದ ಒಂದು ವಿಷಯ ಡೈಸಲ್ಫಿರಾಮ್. ಈ ಮಾತ್ರೆ ತೆಗೆದುಕೊಳ್ಳುವವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು ರಕ್ತದೊತ್ತಡ ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಉಳಿದಿರಬಹುದು. ‘ಅವನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಹಾಕಿ’ ಎಂಬ ಪುಕ್ಕಟೆ ಸಲಹೆ ಹಳ್ಳಿ, ಪೇಟೆ ಎಲ್ಲ ಕಡೆ ಸಿಗುತ್ತದೆ, ‘ಕುಡಿತ ಬಿಡಿಸುವ ಪುಡಿ’ ಎಂಬ ಜಾಹೀರಾತುಗಳೂ ಗೋಡೆಗಳ ಮೇಲಿವೆ. ರೋಗಿಗೆ ತಿಳಿಯದಂತೆ ಕೊಡುವುದು ಪ್ರಾಣಾಪಾಯ. ತಿಳಿದು, ಒಪ್ಪಿ, ಮನೆಯವರ ಎದುರು ನುಂಗುವುದಾದರೆ ಅದೇ ಮಾತ್ರೆ ಪ್ರಯೋಜನಕ್ಕೆ ಬರುತ್ತದೆ.

ಕೊನೆಯ ಭೇಟಿ ಬಿಡುಗಡೆಯ ಸಿದ್ಧತೆಗೆ ಮೀಸಲಾಗಲಿ. ಮುಂದಿನ ತಪಾಸಣೆಯ ದಿನಾಂಕ, ಮಾತ್ರೆಗಳ ಹೆಸರು, ತುರ್ತಿಗೆ ಯಾರ ಫೋನು, ಊರಿನ ಹತ್ತಿರ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಸಭೆ ಎಲ್ಲಿ ನಡೆಯುತ್ತದೆ, ಎಟಿಎಂ ಕಾರ್ಡು ಯಾರ ಬಳಿ ಇರಬೇಕೆಂದು ಅವರೇ ಬಯಸುತ್ತಾರೆ ಇವೆಲ್ಲ ಅವರ ಎದುರೇ ಮಾತಾಗಬೇಕು. ಷೋಕೇಸಿನಲ್ಲಿಟ್ಟ ಮಿಲಿಟರಿ ಕ್ಯಾಂಟೀನಿನ ಬಾಟಲಿಯನ್ನು ಅವರು ಮನೆಗೆ ಬರುವ ಮುನ್ನ ತೆಗೆಯಬೇಕು. ಹೆರಾಯಿನ್‌ನಂಥ ಅಫೀಮು ಜಾತಿಯ ಚಟವಿದ್ದವರ ಮನೆಯವರು ಇನ್ನೊಂದನ್ನು ತಿಳಿದಿರಬೇಕು. ಚಿಕಿತ್ಸೆಯ ದಿನಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ನಲಾಕ್ಸೋನ್ ಎಂಬ ಪ್ರತಿಮದ್ದಿನ ಬಗ್ಗೆ ವೈದ್ಯರನ್ನು ಕೇಳಿಟ್ಟುಕೊಳ್ಳಬಹುದು.

ಮನೆಗೆ ಬಂದ ಮೇಲೆ ಎಂದಾದರೂ ಒಂದು ಸಂಜೆ ಬಾಯಿಂದ ವಾಸನೆ ಬಂದರೆ ಆ ರಾತ್ರಿಯೇ ವಿಚಾರಣೆ ಬೇಡ. ಮರುದಿನ ಬೆಳಿಗ್ಗೆ ಕೇಂದ್ರದ ಸಮಾಲೋಚಕರಿಗೆ ಫೋನು ಮಾಡಿ. ಅವರು ಸಿಗದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ, ಟೆಲಿ-ಮನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಲವು ದಿನ ಸತತವಾಗಿ ಕುಡಿದು ಥಟ್ಟನೆ ನಿಲ್ಲಿಸಿದವರಿಗೆ ಫಿಟ್ಸ್ ಬಂದರೆ, ಅಥವಾ ಇಲ್ಲದ್ದು ಕಾಣತೊಡಗಿದರೆ, ಯಾರನ್ನೂ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ.